ಹಳೆಯ ಲೀಸ್ಡ್ ಲೈನಿಗೆ ರೂಟರ್ ಸೇರುವುದು ಹೇಗೆ? ಬೆಳಗಾವಿ–ಖಾನಾಪುರದ ಉದಾಹರಣೆ

ಪಹಣಿಗಾಗಿ ತಾಲ್ಲೂಕು ಕೌಂಟರಿನ ಮುಂದೆ ನಿಂತವರಿಗೆಲ್ಲ ಪರಿಚಿತವಾದ ಮಾತು: ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಆದರೆ ಸರ್ವರ್ ಚೆನ್ನಾಗಿದ್ದು, ಅದನ್ನು ಮುಟ್ಟುವ ದಾರಿ ಮಾತ್ರ ಕಡಿದಿರಬಹುದು. ಆ ದಾರಿ ಯಾವುದರಿಂದ ಆಗಿದೆ ಎಂದು ಗೊತ್ತಿದ್ದರೆ, ದೋಷ ಕಚೇರಿಯೊಳಗಿದೆಯೋ ಹೊರಗಿದೆಯೋ ಎಂದು ಕೆಲವೇ ನಿಮಿಷಗಳಲ್ಲಿ ಹೇಳಬಹುದು.

2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ‘ಸ್ವಾನ್’ ಯೋಜನೆ, ರಾಜ್ಯ, ಜಿಲ್ಲೆ ಮತ್ತು ತಾಲ್ಲೂಕು ಕೇಂದ್ರಗಳನ್ನು ಕನಿಷ್ಠ 2 ಎಂಬಿಪಿಎಸ್ ವೇಗದಲ್ಲಿ ಜೋಡಿಸಬೇಕೆಂದಿತ್ತು. ಕರ್ನಾಟಕದಲ್ಲಿ ಈ ಜಾಲದ ಹೆಸರು ಕೆಸ್ವಾನ್. ಬೆಂಗಳೂರು–ಬೆಳಗಾವಿ–ಖಾನಾಪುರ ಎಂಬುದು ಇಂಥ ಸರಪಳಿಯ ಒಂದು ಎಳೆ. ಈಗ ಫೈಬರ್ ಎಲ್ಲೆಡೆ ಬರುತ್ತಿದೆ. ಆದರೂ ಆ ಕಾಲದ ಸಂಪರ್ಕ ಹೇಗಿರುತ್ತಿತ್ತು ಎಂದು ನೋಡೋಣ.

2 ಎಂಬಿಪಿಎಸ್ ಎಂಬ ಅಂಕಿ ಬಂದದ್ದು ದೂರವಾಣಿಯಿಂದ. ಒಂದು ಫೋನ್ ಕರೆಯ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕೆಬಿಪಿಎಸ್ ಆಗುತ್ತದೆ. ಇಂಥ 32 ಕಿಂಡಿಗಳನ್ನು ಒಟ್ಟು ಮಾಡಿದರೆ 2,048 ಕೆಬಿಪಿಎಸ್. ಇದೇ ‘ಇ1’. ಎಕ್ಸ್‌ಚೇಂಜುಗಳು ಇದರಲ್ಲಿ 30 ಕರೆಗಳನ್ನು ಕಳಿಸುತ್ತಿದ್ದವು. ಉಳಿದೆರಡು ಕಿಂಡಿಗಳು ತಾಳ ಹೊಂದಿಸಲು ಮತ್ತು ಸಂಕೇತಗಳಿಗೆ. ಅದೇ ಕೊಳವೆಯನ್ನು ಡೇಟಾಕ್ಕೆ ಬಾಡಿಗೆ ಕೊಟ್ಟರೆ ಲೀಸ್ಡ್ ಲೈನ್. (2 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಎಂಬಿ ಅಲ್ಲ, ಅದರ ಎಂಟನೇ ಒಂದು ಪಾಲು.)

‘ಲೀಸ್ಡ್ ಲೈನ್ ಎಂದರೆ ಖಾನಾಪುರದಿಂದ ಬೆಳಗಾವಿಗೆ ನಮ್ಮದೇ ಒಂದು ತಂತಿ’ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಊರುಗಳ ನಡುವೆ ಸುಮಾರು 26 ಕಿ.ಮೀ. ದೂರವಿದೆ, ಜೋಡಿ ತಾಮ್ರದ ತಂತಿಯ ಮೇಲೆ ಇಷ್ಟು ವೇಗ ಕೆಲವೇ ಕಿ.ಮೀ. ದಾಟುತ್ತದೆ. ಹಾಗಾಗಿ ತಾಮ್ರ ಕಚೇರಿಯಿಂದ ಊರಿನ ಎಕ್ಸ್‌ಚೇಂಜಿನವರೆಗೆ ಮಾತ್ರ. ಅಲ್ಲಿ ಮಲ್ಟಿಪ್ಲೆಕ್ಸರ್ ಅದನ್ನು ಇನ್ನೂ ನೂರಾರು ಕಿಂಡಿಗಳ ಜೊತೆ ಫೈಬರಿಗೆ ಸೇರಿಸುತ್ತದೆ. ಬೆಳಗಾವಿಯಲ್ಲಿ ಬಿಡಿಸಿ, ಮತ್ತೆ ತಾಮ್ರದ ಮೇಲೆ ಕಚೇರಿಗೆ ಕೊಡಲಾಗುತ್ತದೆ. ‘ನಮ್ಮದೇ’ ಆಗಿರುವುದು ಕಿಂಡಿ, ತಂತಿಯಲ್ಲ. ಖಾನಾಪುರದ ಮಳೆಗಾಲದ ಬಗ್ಗೆ ಹೇಳಬೇಕಾಗಿಲ್ಲ: ತಾಮ್ರದ ಕೇಬಲ್ಲಿನ ಜೋಡಣೆಯಲ್ಲಿ ನೀರು ಸೇರಿದರೆ ಗದ್ದಲ ಹೆಚ್ಚಿ ಮೋಡೆಮ್ ಕೈಬಿಡುತ್ತದೆ.

ರೂಟರ್ ಈ ತಾಮ್ರಕ್ಕೆ ನೇರವಾಗಿ ಸೇರುವುದಿಲ್ಲ. ನಡುವೆ ಲೀಸ್ಡ್ ಲೈನ್ ಮೋಡೆಮ್ ಇರುತ್ತದೆ. ಮೋಡೆಮಿನಿಂದ ರೂಟರಿನ ಸೀರಿಯಲ್ ಪೋರ್ಟಿಗೆ ಬರುವುದು ವಿ.35 ಕೇಬಲ್. ಮೋಡೆಮ್ ಕಡೆ ಸ್ಕ್ರೂ ಬಿಗಿಯುವ, 34 ಪಿನ್ನಿನ ದಪ್ಪ ಚೌಕಟ್ಟಿನ ಕನೆಕ್ಟರ್; ರೂಟರ್ ಕಡೆ ಹಳೆಯ ಸಿಸ್ಕೊಗಳಲ್ಲಿ 60 ಪಿನ್, ನಂತರದವುಗಳಲ್ಲಿ 26 ಪಿನ್ನಿನ ಸಣ್ಣದು. ತಮಾಷೆಯೆಂದರೆ, ವಿ.35 ಮಾನದಂಡವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1988ರಲ್ಲೇ ಕೈಬಿಟ್ಟಿತ್ತು. ಕೇಬಲ್ ಮಾತ್ರ ಅದಾದ ಮೇಲೂ ದಶಕಗಟ್ಟಲೆ ಬದುಕಿತು.

ಇಲ್ಲಿ ಮುಖ್ಯ ವಿಷಯ ತಾಳ. ಪ್ರತಿ ಬಿಟ್ ಯಾವಾಗ ಬರುತ್ತದೆ ಎಂದು ಹೇಳುವ ಗಡಿಯಾರದ ಸಂಕೇತವನ್ನು ಮೋಡೆಮ್ ಕೊಡುತ್ತದೆ, ರೂಟರ್ ಅನುಸರಿಸುತ್ತದೆ. ತಾಳ ಕೊಡುವವನು ಡಿಸಿಇ, ಅನುಸರಿಸುವವನು ಡಿಟಿಇ. ಕಾಲೇಜು ಲ್ಯಾಬಿನಲ್ಲಿ ಎರಡು ರೂಟರುಗಳನ್ನು ನೇರ ಜೋಡಿಸಿ ‘ಕ್ಲಾಕ್ ರೇಟ್’ ಆಜ್ಞೆ ಕೊಟ್ಟು ಕಲಿತವರು ನಿಜವಾದ ಲೈನಿನ ಮೇಲೂ ಅದನ್ನೇ ಹುಡುಕುತ್ತಾರೆ. ಅಲ್ಲಿ ಅದರ ಅಗತ್ಯವಿಲ್ಲ.

ಕೆಲವು ರೂಟರುಗಳಲ್ಲಿ ಇ1 ಪೋರ್ಟೇ ಇರುತ್ತದೆ. ಅದಕ್ಕೆ 75 ಓಮಿನ ಕೊಆಕ್ಸಿಯಲ್ ಜೋಡಿ, ಇಲ್ಲವೇ 120 ಓಮಿನ ಎಂಟು ಪಿನ್ನಿನ ಕಿಂಡಿ. ಈ ಎರಡನೆಯದು ನೋಡಲು ಈಥರ್ನೆಟ್ ಪೋರ್ಟಿನಂತೆಯೇ ಇದೆ! ಲ್ಯಾನ್ ಕೇಬಲ್ ಸಲೀಸಾಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಈಥರ್ನೆಟ್ (100 ಎಂಬಿಪಿಎಸ್ ವರೆಗೆ) 1, 2, 3, 6ನೇ ಪಿನ್‌ಗಳನ್ನು ಬಳಸಿದರೆ, ಇ1 ಬಳಸುವುದು 1, 2, 4, 5. ಭಾಷೆಯೂ ಬೇರೆ.

ಈಗ ಕೌಂಟರಿಗೆ ಮರಳೋಣ. ರೂಟರಿನಲ್ಲಿ ಸೀರಿಯಲ್ ಪೋರ್ಟ್ ‘ಡೌನ್’, ಪ್ರೋಟೋಕಾಲ್ ‘ಡೌನ್’ ಎಂದಿದ್ದರೆ ಮೋಡೆಮಿನಿಂದ ಸಂಕೇತವೇ ಬರುತ್ತಿಲ್ಲ: ಮೊದಲು ಮೋಡೆಮಿಗೆ ಕರೆಂಟ್ ಇದೆಯೇ, ಕೇಬಲ್ ಸ್ಕ್ರೂ ಸಡಿಲವೇ, ಲೈನ್ ದೀಪ ಉರಿಯುತ್ತಿದೆಯೇ ನೋಡಿ. ಪೋರ್ಟ್ ‘ಅಪ್’, ಪ್ರೋಟೋಕಾಲ್ ‘ಡೌನ್’ ಎಂದಿದ್ದರೆ ಮೋಡೆಮ್ ಜೀವಂತ, ಆದರೆ ಆಚೆ ಬದಿಯ ರೂಟರಿನ ಜೊತೆ ಮಾತು ನಡೆಯುತ್ತಿಲ್ಲ. ಆಗ ಮೋಡೆಮಿನ ಲೋಕಲ್ ಲೂಪ್ ಗುಂಡಿ ಒತ್ತಿ. ರೂಟರ್ ಕಳಿಸಿದ್ದು ರೂಟರಿಗೇ ಮರಳಿದರೆ ನಿಮ್ಮ ರೂಟರ್ ಮತ್ತು ಕೇಬಲ್ ಸರಿ ಇವೆ. ದೂರು ಕೊಡಬೇಕಾದದ್ದು ಲೈನ್ ಕೊಟ್ಟವರಿಗೆ. ಅವರು ಎಕ್ಸ್‌ಚೇಂಜಿನಿಂದ ಇದೇ ಪರೀಕ್ಷೆಯನ್ನು ಹಂತಹಂತವಾಗಿ ಮಾಡಿ, ಕಡಿದದ್ದು ಖಾನಾಪುರದ ತಾಮ್ರವೋ, ನಡುವಿನ ಫೈಬರೋ, ಬೆಳಗಾವಿಯ ತುದಿಯೋ ಎಂದು ಹೇಳಬಲ್ಲರು. ಪರೀಕ್ಷೆ ಮುಗಿದ ಮೇಲೆ ಲೂಪ್ ಗುಂಡಿ ಬಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಲೈನ್ ಸರಿಯಾದರೂ ಪಹಣಿ ಬರುವುದಿಲ್ಲ.