ಗುಜರಿ ರಾಶಿಯಿಂದ ಎದ್ದು ಬಂದ ಲಿಬರೇಟರ್‌ಗಳು

ಯುದ್ಧವಿಮಾನಗಳ ಗೀಳು ಹತ್ತಿಸಿಕೊಂಡವರದು ಒಂದು ಪ್ರತ್ಯೇಕ ಲೋಕ. ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದಾಗ ಬಿಸಿಲನ್ನು ಲೆಕ್ಕಿಸದೆ ಕತ್ತೆತ್ತಿ ನಿಲ್ಲುವವರು ಇವರೇ. 2023ರಲ್ಲಿ ಭಾರತೀಯ ವಾಯುಪಡೆಗೆ ಸಿ-295 ಎಂಬ ಹೊಸ ಸಾಗಣೆ ವಿಮಾನ ಸೇರಿದಾಗ ಅದರ ರೆಕ್ಕೆಯ ಉದ್ದವನ್ನೂ ಹೊರುವ ಭಾರವನ್ನೂ ಬಾಯಿಪಾಠ ಮಾಡಿಕೊಂಡವರೂ ಇವರೇ. ಹೊಸದನ್ನು ಕಂಡಾಗ ಆಗುವ ಸಂತೋಷವೇ ವಸ್ತುಸಂಗ್ರಹಾಲಯದ ಮೂಲೆಯಲ್ಲಿ ನಿಂತ ಹಳೆಯ ವಿಮಾನವನ್ನು ಕಂಡಾಗಲೂ ಇವರಿಗೆ ಆಗುತ್ತದೆ. ವಿಮಾನದ ಮೈಮೇಲೆ ಬರೆದ ಸಂಖ್ಯೆಯೊಂದು ಸಿಕ್ಕರೆ ಸಾಕು, ಅದು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಹಾರಿತು ಎಂದು ಅದರ ಜಾತಕವನ್ನೇ ತೆಗೆಯುತ್ತಾರೆ.

ಲಂಡನ್ನಿನ ಹೆಂಡನ್‌ನಲ್ಲಿರುವ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯ, ಕೆನಡಾದ ರಾಜಧಾನಿ ಒಟ್ಟಾವಾದ ವಿಮಾನ ಸಂಗ್ರಹಾಲಯ, ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿರುವ ಪೀಮಾ ಸಂಗ್ರಹಾಲಯ, ಈ ಮೂರರಲ್ಲೂ ಎರಡನೆಯ ಮಹಾಯುದ್ಧ ಕಾಲದ ‘ಲಿಬರೇಟರ್’ ಎಂಬ ದೊಡ್ಡ ಬಾಂಬರ್ ವಿಮಾನವಿದೆ. ಮೂರು ದೇಶಗಳ ಈ ಮೂರು ವಿಮಾನಗಳ ಜಾತಕ ತೆರೆದರೆ ಮೂರರಲ್ಲೂ ಭಾರತದ ಹೆಸರು ಬರುತ್ತದೆ. ಕಾನ್ಪುರದ ಒಂದು ಗುಜರಿ ರಾಶಿ ಮತ್ತು ಬೆಂಗಳೂರಿನ ಒಂದು ಕಾರ್ಖಾನೆ ಇಲ್ಲದಿದ್ದರೆ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಲಿಬರೇಟರ್ ಇನ್ನೂ ಅಪರೂಪದ ವಸ್ತುವಾಗಿರುತ್ತಿತ್ತು.

ಹದಿನೆಂಟು ಸಾವಿರ ವಿಮಾನಗಳು ಎಲ್ಲಿ ಹೋದವು?

ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಬಿ-24 ಲಿಬರೇಟರ್ ಮೊದಲು ಹಾರಿದ್ದು 1939ರ ಡಿಸೆಂಬರ್ 29ರಂದು. ನಾಲ್ಕು ಎಂಜಿನ್, 110 ಅಡಿ ಅಗಲದ ರೆಕ್ಕೆ, ದೂರ ಹಾರುವ ತಾಕತ್ತು ಇವು ಅದರ ಹೆಗ್ಗಳಿಕೆ. ನೋಡಲು ಮಾತ್ರ ಚೆಲುವಿನದಲ್ಲ. ದಪ್ಪ ಪೆಟ್ಟಿಗೆಗೆ ರೆಕ್ಕೆ ಕಟ್ಟಿದಂತಿತ್ತು. ಆದರೆ ಯುದ್ಧಕಾಲದಲ್ಲಿ ಅಮೆರಿಕ ಇಷ್ಟು ಸಂಖ್ಯೆಯಲ್ಲಿ ಇನ್ನಾವ ಯುದ್ಧವಿಮಾನವನ್ನೂ ತಯಾರಿಸಲಿಲ್ಲ. ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾದವು. ಮೋಟಾರು ಕಾರಿಗೆ ಹೆಸರಾದ ಫೋರ್ಡ್ ಕಂಪನಿ ವಿಲೋ ರನ್ ಎಂಬಲ್ಲಿ ಕಟ್ಟಿದ ಕಾರ್ಖಾನೆಯಿಂದ, ಕೆಲಸ ಉಚ್ಛ್ರಾಯದಲ್ಲಿದ್ದಾಗ, ಗಂಟೆಗೊಂದರಂತೆ ಈ ವಿಮಾನ ಹೊರಬರುತ್ತಿತ್ತು.

ಇಂದು ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಲಿಬರೇಟರ್‌ಗಳು ಸುಮಾರು ಒಂದು ಡಜನ್ ಮಾತ್ರ. ಯುದ್ಧದಲ್ಲಿ ಬಿದ್ದವು ಎಷ್ಟೋ. ಉಳಿದವುಗಳಿಗೆ ಶಾಂತಿಯೇ ಮೃತ್ಯುವಾಯಿತು. 1945ರ ನಂತರ ಅಮೆರಿಕದಲ್ಲಿ ಸಾವಿರಾರು ಬಾಂಬರ್‌ಗಳನ್ನು ಅರಿಜೋನಾದ ಕಿಂಗ್‌ಮನ್‌ನಂಥ ಬಯಲುಗಳಲ್ಲಿ ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಕರಗಿಸಲಾಯಿತು. ಕೆಲವು ತಿಂಗಳ ಹಿಂದಷ್ಟೇ ಕಾರ್ಖಾನೆಯಿಂದ ಬಂದು, ಯುದ್ಧವನ್ನೇ ಕಾಣದ ವಿಮಾನಗಳೂ ಅದರಲ್ಲಿದ್ದವು. ಸಂಪತ್ತು ಹೆಚ್ಚಿದ್ದ ದೇಶಕ್ಕೆ ಹಳೆಯದನ್ನು ಇಟ್ಟುಕೊಳ್ಳುವ ಅಗತ್ಯ ಕಾಣಲಿಲ್ಲ.

ಭಾರತದ ನೆಲದಲ್ಲಿದ್ದ ಲಿಬರೇಟರ್‌ಗಳ ಪಾಡು ಇನ್ನೊಂದು ಬಗೆಯದು. ಬರ್ಮಾ ಮತ್ತು ಆಗ್ನೇಯ ಏಷ್ಯಾದಲ್ಲಿ ಜಪಾನಿನ ವಿರುದ್ಧ ಹೋರಾಡಲು ಬ್ರಿಟಿಷ್ ವಾಯುಪಡೆಗೆ ಇವನ್ನು ಅಮೆರಿಕ ‘ಲೆಂಡ್-ಲೀಸ್’ ವ್ಯವಸ್ಥೆಯಲ್ಲಿ ಕೊಟ್ಟಿತ್ತು. ಸರಳವಾಗಿ ಹೇಳುವುದಾದರೆ, ಇದು ಯುದ್ಧ ಮುಗಿಯುವ ತನಕದ ಎರವಲು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ಬೆಲೆ ತೆರಬೇಕು, ಇಲ್ಲವೇ ನಾಶಪಡಿಸಬೇಕು. ಯುದ್ಧದಿಂದ ಬರಿಗೈಯಾಗಿದ್ದ ಬ್ರಿಟನ್ನಿಗೆ ಬೆಲೆ ತೆರುವ ಶಕ್ತಿ ಇರಲಿಲ್ಲ, ಅಮೆರಿಕಕ್ಕೆ ವಾಪಸು ಪಡೆಯುವ ಆಸೆಯೂ ಇರಲಿಲ್ಲ. ಹೀಗಾಗಿ ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಒಟ್ಟುಗೂಡಿಸಿದ್ದ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಬೇಕೆಂದೇ ಜಖಂಗೊಳಿಸಿ ಬಯಲಲ್ಲಿ ಬಿಡಲಾಯಿತು. ಬ್ರಿಟಿಷರು ಭಾರತ ಬಿಟ್ಟು ಹೊರಟಾಗ ಮಳೆ ಬಿಸಿಲಿಗೆ ಒಡ್ಡಿಕೊಂಡು ನಿಂತಿದ್ದ ಆ ರಾಶಿಯೂ ಇಲ್ಲಿಯೇ ಉಳಿಯಿತು.

ಬಾಂಬರ್ ಇಲ್ಲದ ವಾಯುಪಡೆ

ಸ್ವಾತಂತ್ರ್ಯ ಬಂದು ಮೂರು ತಿಂಗಳು ತುಂಬುವ ಮೊದಲೇ ಕಾಶ್ಮೀರದಲ್ಲಿ ಯುದ್ಧ ಹತ್ತಿಕೊಂಡಿತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲನೆಯ ಬೆಟಾಲಿಯನ್ನಿನ ಯೋಧರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾ ಸಾಗಣೆ ವಿಮಾನಗಳು. ಭಾರತದ ಬಳಿ ಆಗ ಭಾರೀ ಬಾಂಬರ್‌ಗಳು ಇರಲಿಲ್ಲ. ಹಾಗಾಗಿ ಅಕ್ಕಿ, ಗುಂಡು, ಗಾಯಾಳುಗಳನ್ನು ಹೊರುತ್ತಿದ್ದ ಅದೇ ಡಕೋಟಾದ ಬಾಗಿಲಿನಿಂದ ಬಾಂಬುಗಳನ್ನು ಉರುಳಿಸುವ ತಾತ್ಕಾಲಿಕ ಉಪಾಯಕ್ಕೂ ವಾಯುಪಡೆ ಇಳಿಯಬೇಕಾಯಿತು. ವಿದೇಶದಿಂದ ಬಾಂಬರ್ ಕೊಳ್ಳಲು ಹಣ ಬೇಕು, ಕೊಡುವವರ ಮನಸ್ಸು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಸಮಯ ಬೇಕು. ಮೂರೂ ಕೊರತೆಯಾಗಿದ್ದ ಆ ಹೊತ್ತಿನಲ್ಲಿ ಕಾನ್ಪುರದ ಗುಜರಿಯತ್ತ ಕಣ್ಣು ಹೋಯಿತು.

1948ರಲ್ಲಿ ಈ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪಾಲಿಗೆ ಬಂತು. ಮೇಲುನೋಟಕ್ಕೆ ಇದು ಹುಚ್ಚು ಸಾಹಸ. ನಾಲ್ಕು ಎಂಜಿನ್ನಿನ ಬಾಂಬರ್ ಕಟ್ಟಿದ ಅನುಭವ ಆ ಕಾರ್ಖಾನೆಗೆ ಇರಲಿಲ್ಲ. ಆದರೂ ಅಲ್ಲಿನವರು ಈ ಕೆಲಸಕ್ಕೆ ಅಷ್ಟೇನೂ ಹೊಸಬರಾಗಿರಲಿಲ್ಲ. ಅದರ ಹಿನ್ನೆಲೆ ಯುದ್ಧದ ದಿನಗಳಲ್ಲಿದೆ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸರ್ಕಾರದೊಂದಿಗೆ ಸೇರಿ 1940ರ ಡಿಸೆಂಬರಿನಲ್ಲಿ ಈ ಕಂಪನಿ ಆರಂಭಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಉತ್ಸಾಹ ಇದರ ಹಿಂದಿತ್ತು. ವಿಮಾನ ತಯಾರಿಸುವುದು ಮೂಲ ಉದ್ದೇಶವಾದರೂ ಯುದ್ಧ ಪೂರ್ವಕ್ಕೆ ಹಬ್ಬಿದ ಮೇಲೆ ದುರಸ್ತಿಯೇ ಮುಖ್ಯವಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಯಿತು. ಮುಂದೆ ಇಲ್ಲಿಗೆ ಡಕೋಟಾಗಳು ದುರಸ್ತಿಗೆ ಬಂದವು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಕಾರ್ಖಾನೆ ಸೇರಿದವು. ಬೆಂಗಳೂರಿನ ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು ಹಗಲೂ ರಾತ್ರಿ ಪಾಳಿಯಲ್ಲಿ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತರು.

ಗುಟ್ಟು ಇರುವುದು ಇಲ್ಲಿಯೇ. ಡಕೋಟಾ, ಕ್ಯಾಟಲೀನಾ, ಲಿಬರೇಟರ್ ಈ ಮೂರೂ ವಿಮಾನಗಳಿಗೆ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ಎಂಬ ಒಂದೇ ಕುಟುಂಬದ ಎಂಜಿನ್ನುಗಳು. ಡಕೋಟಾಕ್ಕೆ ಎರಡು, ಕ್ಯಾಟಲೀನಾಕ್ಕೆ ಎರಡು, ಲಿಬರೇಟರಿಗೆ ನಾಲ್ಕು. ಸಾಲದೆಂಬಂತೆ ಕ್ಯಾಟಲೀನಾ ಮತ್ತು ಲಿಬರೇಟರ್ ಒಂದೇ ಕಂಪನಿಯ ಕೂಸುಗಳು. ಕಾನ್ಪುರದ ಬಯಲಲ್ಲಿ ಇತರರಿಗೆ ಕಂಡದ್ದು ತಗಡಿನ ರಾಶಿ. ಬೆಂಗಳೂರಿನ ಕೆಲಸಗಾರರಿಗೆ ಅಲ್ಲಿ ಪರಿಚಯದ ನಟ್ಟು ಬೋಲ್ಟುಗಳು ಕಂಡವು.

ಕಾನ್ಪುರದಿಂದ ಬೆಂಗಳೂರಿಗೆ

ವಿಮಾನಗಳನ್ನು ಅಲ್ಲಿಯೇ ಪೂರ್ಣವಾಗಿ ರಿಪೇರಿ ಮಾಡುವ ಅನುಕೂಲ ಇರಲಿಲ್ಲ. ಆದ್ದರಿಂದ ಕೆಲಸವನ್ನು ಎರಡು ಹಂತವಾಗಿ ವಿಂಗಡಿಸಲಾಯಿತು. ಮೊದಲು ಕಾರ್ಖಾನೆಯ ತಂಡ ಕಾನ್ಪುರಕ್ಕೆ ಹೋಗಿ, ಇದ್ದುದರಲ್ಲಿ ವಾಸಿ ಎನ್ನಿಸಿದ ವಿಮಾನಗಳನ್ನು ಆರಿಸಿತು. ಒಂದರ ಚಕ್ರ, ಇನ್ನೊಂದರ ಎಂಜಿನ್ ಹೀಗೆ ಕೆಟ್ಟವುಗಳಿಂದ ಬಿಡಿಭಾಗ ಕಳಚಿ ಒಳ್ಳೆಯವುಗಳಿಗೆ ಜೋಡಿಸಿತು. ಒಮ್ಮೆ ಹಾರಿ ಬೆಂಗಳೂರು ಮುಟ್ಟುವಷ್ಟು ಜೀವ ಬಂದರೆ ಸಾಕು. ಎರಡನೆಯ ಹಂತದ ಪೂರ್ಣ ದುರಸ್ತಿ ನಡೆಯುವುದು ಬೆಂಗಳೂರಿನಲ್ಲಿ.

ಕಾನ್ಪುರದಿಂದ ಬೆಂಗಳೂರಿಗೆ ನೇರ ಹಾದಿಯಲ್ಲಿ ಸುಮಾರು 1,500 ಕಿಲೋಮೀಟರ್. ಜಖಂಗೊಳಿಸಿ ಎಸೆದಿದ್ದ, ಅರೆಬರೆ ರಿಪೇರಿಯಾದ ನಾಲ್ಕು ಎಂಜಿನ್ನಿನ ವಿಮಾನವನ್ನು ಅಷ್ಟು ದೂರ ತರುವುದು ಎಂಟೆದೆಯ ಕೆಲಸ. ಅದನ್ನು ಹೊತ್ತವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೇಡ್ ಮುನ್ಶಿ. ವಿಮಾನದ ಒಂದೊಂದು ಸದ್ದಿಗೂ ಕಿವಿಗೊಟ್ಟು ಅವರು ಒಂದಾದ ಮೇಲೊಂದರಂತೆ ಲಿಬರೇಟರ್‌ಗಳನ್ನು ಬೆಂಗಳೂರಿಗೆ ತಂದಿಳಿಸಿದರು. ಭಾರತದಲ್ಲಿಯೇ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಅನ್ನು 1951ರ ಆಗಸ್ಟಿನಲ್ಲಿ ಮೊದಲು ಹಾರಿಸಿದವರೂ ಇದೇ ಮುನ್ಶಿ.

ಹೀಗೆ ಪುನರ್ಜನ್ಮ ಪಡೆದ ಲಿಬರೇಟರ್‌ಗಳು 40ಕ್ಕೂ ಹೆಚ್ಚು. 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಅಸ್ತಿತ್ವಕ್ಕೆ ಬಂತು. ಸ್ವತಂತ್ರ ಭಾರತಕ್ಕೆ ಭಾರೀ ಬಾಂಬರ್ ಬಲ ದೊರೆತದ್ದು ಹೀಗೆ, ಬೇರೆಯವರು ಎಸೆದುಹೋದದ್ದನ್ನು ಹೆಕ್ಕಿ. 5ನೇ ಸ್ಕ್ವಾಡ್ರನ್ 1957ರಲ್ಲಿ ಜೆಟ್ ಬಾಂಬರ್ ಕ್ಯಾನ್‌ಬೆರಾಕ್ಕೆ ಬದಲಾಯಿತು. 1951ರಲ್ಲಿ ಲಿಬರೇಟರ್ ಪಡೆದ 6ನೇ ಸ್ಕ್ವಾಡ್ರನ್ ಸಮುದ್ರದ ಮೇಲಿನ ಕಾವಲಿಗೆ ಅವನ್ನು ಬಳಸಿತು. ಕೊನೆಗೆ ಅವು ನಿವೃತ್ತವಾದದ್ದು 1968ರಲ್ಲಿ. ಹಾರದಂತೆ ಮಾಡಲಾಗಿದ್ದ ಯಂತ್ರಗಳು ಮತ್ತೆ ಇಪ್ಪತ್ತು ವರ್ಷ ಹಾರಿದವು!

ಬೇರೆ ಬಣ್ಣ, ಬೇರೆ ಹೆಸರು

ಅಷ್ಟರಲ್ಲಿ ಪಶ್ಚಿಮದ ದೇಶಗಳಿಗೆ ತಾವು ಕರಗಿಸಿದ್ದರ ಬೆಲೆ ಅರ್ಥವಾಗತೊಡಗಿತ್ತು. ಲಿಬರೇಟರ್ ಹುಡುಕುತ್ತ ಬಂದವರು ಭಾರತದ ಬಾಗಿಲು ತಟ್ಟಿದರು. ಕೆನಡಾ 1968ರಲ್ಲಿ ಒಂದನ್ನು ಪಡೆದು, ವಿನಿಮಯವಾಗಿ ಲೈಸಾಂಡರ್ ಎಂಬ ಅಪರೂಪದ ಹಳೆಯ ವಿಮಾನವನ್ನು ಕೊಟ್ಟಿತು. ಆ ಲೈಸಾಂಡರ್ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದ ಪಾಲಾಯಿತು. ಪೀಮಾದ ಲಿಬರೇಟರ್ 1969ರಲ್ಲಿ ಅಮೆರಿಕಕ್ಕೆ ಹೋಯಿತು, ಲಂಡನ್ನಿನದು 1974ರಲ್ಲಿ ಬ್ರಿಟನ್ನಿಗೆ. ಈ ಮೂರೂ ತಮ್ಮದೇ ರೆಕ್ಕೆಯ ಮೇಲೆ ಹಾರಿ ಹೋದವು. ಬೆಂಗಳೂರಿನ ದುರಸ್ತಿ ಎಂಥದ್ದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1980ರ ದಶಕದ ಆರಂಭದಲ್ಲಿ ಭಾರತದಿಂದ ಬ್ರಿಟನ್ನಿಗೆ ಹೋದ ಇನ್ನೊಂದು ಲಿಬರೇಟರನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ 1984ರಲ್ಲಿ ಕೊಂಡು, ಐದು ವರ್ಷ ದುಡಿದು 1989ರಲ್ಲಿ ಮತ್ತೆ ಹಾರಿಸಿತು. ಅನೇಕ ವರ್ಷ ಅದು ಅಮೆರಿಕದ ಊರೂರು ಸುತ್ತಿ, ಹಿಂದೊಮ್ಮೆ ಇದೇ ಜಾತಿಯ ವಿಮಾನದಲ್ಲಿ ಹೋರಾಡಿದ ವೃದ್ಧ ಯೋಧರ ಕಣ್ಣು ತೇವಗೊಳಿಸಿತು. ಜಗತ್ತಿನಲ್ಲಿ ಉಳಿದಿರುವ ಲಿಬರೇಟರ್‌ಗಳ ಪೈಕಿ ಅರ್ಧದಷ್ಟು ಹೀಗೆ ಭಾರತದಲ್ಲಿ ಬದುಕುಳಿದಂಥವು.

ಆದರೆ ನೋಡುಗರಿಗೆ ಇದು ತಿಳಿಯುವುದು ಸುಲಭವಲ್ಲ. ಕಾಲಿಂಗ್ಸ್ ಪ್ರತಿಷ್ಠಾನದ ವಿಮಾನಕ್ಕೆ ಒಂದರ ನಂತರ ಒಂದರಂತೆ ಮೂರು ಹೆಸರು, ಮೂರು ಬಣ್ಣ ಬಂದವು. ಮೂರೂ ಯುದ್ಧಕಾಲದ ಬೇರೆ ಅಮೆರಿಕನ್ ಲಿಬರೇಟರ್‌ಗಳ ನೆನಪಿಗೆ ಇಟ್ಟವು. ಪೀಮಾದಲ್ಲಿರುವುದಕ್ಕೂ ಅಮೆರಿಕದ ಸೇನೆಯ ಗುರುತು ಬಳಿದಿದ್ದಾರೆ. ಲಂಡನ್ನಿನಲ್ಲಿರುವುದು 1945ರಲ್ಲಿ ಬ್ರಿಟನ್ನಿನ 99ನೇ ಸ್ಕ್ವಾಡ್ರನ್ನಿನಲ್ಲಿದ್ದಾಗಿನ ವೇಷದಲ್ಲಿದೆ. ಸತ್ತವರ ಸ್ಮರಣೆಗೆ ಹೀಗೆ ಮಾಡುವುದರಲ್ಲಿ ತಪ್ಪೇನಿಲ್ಲ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ದೇಶಗಳು ತಮ್ಮ ನೆನಪನ್ನು ಆ ಲೋಹದ ಮೇಲೆ ಬರೆದುಕೊಂಡಿವೆ. ಆದರೂ ಲೆಕ್ಕ ಹಾಕಿದರೆ ವಿಚಿತ್ರವೆನಿಸುತ್ತದೆ. ಮೈಮೇಲೆ ಬರೆದಿರುವ ಯುದ್ಧದ ಬದುಕು ತಿಂಗಳುಗಳ ಲೆಕ್ಕದ್ದು. ಬರೆಯದೆ ಬಿಟ್ಟಿರುವ ಭಾರತದ ಬದುಕು ವರ್ಷಗಳ ಲೆಕ್ಕದ್ದು.

ಭಾರತದಲ್ಲಿ ಇಂದು ಲಿಬರೇಟರ್ ನೋಡಬೇಕೆಂದರೆ ಪಾಲಂಗೇ ಹೋಗಬೇಕು. ಅಲ್ಲಿರುವ ಎಚ್‌ಇ924 ಸಂಖ್ಯೆಯ ವಿಮಾನ ಭಾರತೀಯ ವಾಯುಪಡೆಯ ಗುರುತಿನಲ್ಲಿಯೇ ನಿಂತಿದೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್ ಸಂಸ್ಥೆ 2001ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಎಚ್‌ಟಿ-2 ಇದೆ, ಮರುತ್ ಇದೆ. ಕಾರ್ಖಾನೆ ತಾನೇ ಹೊಸದಾಗಿ ತಯಾರಿಸಿದ್ದನ್ನು ಹೆಮ್ಮೆಯಿಂದ ತೋರಿಸುವುದು ಸಹಜ. ದುರಸ್ತಿಗೆ ಆ ಗೌರವ ಸಿಗುವುದು ಕಡಿಮೆ. ಹೊಸದನ್ನು ಕಟ್ಟಿದವರ ಹೆಸರು ಉಳಿಯುತ್ತದೆ, ಹಳೆಯದನ್ನು ಉಳಿಸಿದವರದು ಉಳಿಯುವುದಿಲ್ಲ. ಲಿಬರೇಟರ್ ಕಥೆಯಲ್ಲಿ ಪೈಲಟ್ ಮುನ್ಶಿಯವರ ಹೆಸರು ಎಲ್ಲರಿಗೂ ಸಿಗುತ್ತದೆ. ಕಾನ್ಪುರದ ಬಿಸಿಲಲ್ಲಿ ಸ್ಪ್ಯಾನರ್ ಹಿಡಿದು ಕೂತವರು, ಬೆಂಗಳೂರಿನ ಹ್ಯಾಂಗರಿನಲ್ಲಿ ಒಂದೊಂದೇ ತಗಡು ಬಡಿದು ಸರಿಪಡಿಸಿದವರು ಯಾರು ಎಂದು ಯಾವ ಫಲಕವೂ ಹೇಳುವುದಿಲ್ಲ.

1948ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಕೆಲಸಗಾರ ಬದುಕಿದ್ದರೆ ಈಗ ನೂರರ ಹತ್ತಿರ. ಆ ತಲೆಮಾರು ಬಹುತೇಕ ಮುಗಿದಿದೆ. ಕಾರ್ಖಾನೆಯ ಸುತ್ತಲಿನ ಮುರುಗೇಶಪಾಳ್ಯ, ವಿಮಾನಪುರ, ಮಾರತ್‌ಹಳ್ಳಿಯ ಯಾವುದಾದರೂ ಮನೆಯ ಅಟ್ಟದ ಟ್ರಂಕಿನಲ್ಲಿ ಅಜ್ಜನ ಗುರುತಿನ ಬಿಲ್ಲೆಯೋ, ಲಿಬರೇಟರಿನ ಮುಂದೆ ನಿಂತು ತೆಗೆಸಿಕೊಂಡ ಗುಂಪಿನ ಫೋಟೋವೋ ಇದ್ದರೆ ಆಶ್ಚರ್ಯವಿಲ್ಲ. ಮನೆ ಖಾಲಿ ಮಾಡುವಾಗ ರದ್ದಿಯವನಿಗೆ ಹಾಕುವ ಮುನ್ನ ಅದನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಹಿಂಬದಿಯಲ್ಲಿ ನಾಲ್ಕು ಹೆಸರುಗಳು ಬರೆದಿರಬಹುದು.