ಹಳೆಯ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಪರೀಕ್ಷಿಸಿ

ಕಡಿಮೆ ಬೆಲೆಗೆ ಲ್ಯಾಪ್‌ಟಾಪ್ ಅರಸುವವರು ಬೆಂಗಳೂರಿನ ಎಸ್.ಪಿ. ರಸ್ತೆಯತ್ತ ಮುಖ ಮಾಡುವುದು ವಾಡಿಕೆ. ಆದರೆ ಹೊರಮೈಯ ಹೊಳಪು ಒಳಗಿನ ಸುಸ್ಥಿತಿಗೆ ಸಾಕ್ಷಿಯಲ್ಲ.

ಮೊದಲು ಗಮನಿಸಬೇಕಾದದ್ದು ಪ್ರೊಸೆಸರ್‌ನ ಪೀಳಿಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಇಂಟೆಲ್ ಆಗಿದ್ದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಅದಕ್ಕಿಂತ ಹಳೆಯ ಯಂತ್ರಗಳು ಲಿನಕ್ಸ್ ಬಳಸಲು ಸಿದ್ಧರಿರುವವರಿಗೆ ಮಾತ್ರ ಸೂಕ್ತ.

ಎರಡನೆಯದು ಬ್ಯಾಟರಿ. ವಿಂಡೋಸ್‌ನಲ್ಲಿಯೇ ಬ್ಯಾಟರಿ ವರದಿ ಪಡೆಯುವ ಸೌಲಭ್ಯವಿದೆ. ಮೂಲ ಸಾಮರ್ಥ್ಯ 50,000 ಮಿಲಿವ್ಯಾಟ್ ಅವರ್ ಇದ್ದು, ಈಗ ತುಂಬುವುದು 30,000 ಮಾತ್ರ ಎಂದಿದ್ದರೆ ಶೇ. 40ರಷ್ಟು ಸಾಮರ್ಥ್ಯ ಕುಗ್ಗಿದೆ ಎಂದರ್ಥ. ಹೊಸ ಬ್ಯಾಟರಿಯ ವೆಚ್ಚವನ್ನು ಬೆಲೆಯಲ್ಲಿ ಕಡಿತಗೊಳಿಸುವಂತೆ ಕೇಳಬಹುದು.

ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆ, ಗೆರೆಗಳನ್ನು ನೋಡಬೇಕು. ಪ್ರತಿ ಕೀಲಿಯನ್ನೂ ಒತ್ತಿ, ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ, ವೈಫೈ, ಕ್ಯಾಮೆರಾ, ಧ್ವನಿವರ್ಧಕಗಳನ್ನು ಪರೀಕ್ಷಿಸಬೇಕು. ಕನಿಷ್ಠ ಅರ್ಧ ಗಂಟೆ ಚಾಲನೆಯಲ್ಲಿಟ್ಟರೆ ಅತಿಯಾಗಿ ಬಿಸಿಯಾಗುವ ದೋಷವೂ ಬಯಲಾಗುತ್ತದೆ.

ಬಯೋಸ್‌ಗೆ ಪಾಸ್‌ವರ್ಡ್ ಇದ್ದು ಮಾರಾಟಗಾರ ಅದನ್ನು ತೆಗೆಯಲಾರನೆಂದರೆ ಖರೀದಿ ಕೈಬಿಡುವುದೇ ಲೇಸು. ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆ, ಬಯೋಸ್‌ನಲ್ಲಿರುವ ಸಂಖ್ಯೆ ಮತ್ತು ರಸೀದಿಯಲ್ಲಿರುವುದು ಒಂದೇ ಆಗಿರಬೇಕು. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ರಸೀದಿಯಿಲ್ಲದ ಅಗ್ಗದ ಲ್ಯಾಪ್‌ಟಾಪ್ ಕೊನೆಗೆ ದುಬಾರಿಯಾಗಬಹುದು.