ಮೈಸೂರು ರಸ್ತೆಯ ಎಂಜಿನುಗಳೂ ನೀರೂ

1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಬಾಧಿಸಿದ ಮಹಾಕ್ಷಾಮದ ಬೆನ್ನಿಗೆ, ಬದುಕಿ ಉಳಿದವರಿಗೆ ಕೂಲಿಯಾದರೂ ದೊರೆಯಲೆಂದು ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗವೂ ಒಂದು; 1881–82ರ ಹೊತ್ತಿಗೆ ಅದು ಸಿದ್ಧವಾಗಿ, ಆಗ ಕ್ಲೋಸ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದ ರಾಮನಗರದ ಬಂಡೆಗಳ ನಡುವೆಯೂ ಚನ್ನಪಟ್ಟಣದ ತೋಟಗಳ ಮಗ್ಗುಲಲ್ಲಿಯೂ ಉಗಿಬಂಡಿ ಓಡತೊಡಗಿತು. ಉಗಿಯಂತ್ರವನ್ನು ನಡೆಸುವುದೇ ನೀರು. ತರುವಾಯ ಇದೇ ಹಾದಿಗೆ ಬಂದ ಮೋಟಾರುಗಳಲ್ಲಿ ಅದರ ಧರ್ಮ ಬದಲಾಯಿತು. ಉರಿಯುವ ಎಣ್ಣೆ ಯಂತ್ರವನ್ನು ನಡೆಸಿದರೆ, ಆ ಉರಿಯಿಂದ ಯಂತ್ರವೇ ಕೆಡದಂತೆ ಶಾಖವನ್ನು ಹೊತ್ತು ಹೊರಹಾಕುವುದಷ್ಟೇ ನೀರಿನ ಪಾಲಿಗೆ ಉಳಿಯಿತು.

ಫೋರ್ಡ್ ಕಂಪೆನಿಯ ಪ್ರಸಿದ್ಧವಾದ ‘ಟಿ’ ಮಾದರಿಯ ಕಾರಿನಲ್ಲಿ, ಮೊದಮೊದಲ ಕೆಲವನ್ನು ಬಿಟ್ಟರೆ, ನೀರನ್ನು ತಳ್ಳುವ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರಿ ರೇಡಿಯೇಟರನ್ನು ಸೇರುವುದು, ಅಲ್ಲಿ ತಣಿದು ಭಾರವಾಗಿ ಕೆಳಗಿಳಿದು ಎಂಜಿನಿಗೆ ಮರಳುವುದು, ಇಷ್ಟೇ ಅದರ ತಂತ್ರ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳುವೆವು. ಮೈಸೂರು ಸರ್ಕಾರ 1948ರಲ್ಲಿ 120 ಬಸ್ಸುಗಳೊಡನೆ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿದ ಕಾಲಕ್ಕೂ, ಅಲ್ಲಿಂದಾಚೆ ಬಹುವರ್ಷಗಳವರೆಗೂ, ನೀರಿನ ಡಬ್ಬಿಯಿಲ್ಲದೆ ದೂರ ಹೊರಡುವ ಡ್ರೈವರು ಅಪರೂಪವಾಗಿದ್ದನು. ಕುದಿಯುವ ರೇಡಿಯೇಟರಿನ ಮೇಲೆ ಒದ್ದೆ ಗೋಣಿತಾಟನ್ನು ಹೊದಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ, ಉಗಿ ಬುಸ್ಸೆಂದು ಹೊರಟುಹೋದ ಬಳಿಕ, ಎಂಜಿನನ್ನು ನಿಲ್ಲಿಸದೆಯೇ ಸ್ವಲ್ಪಸ್ವಲ್ಪವಾಗಿ ನೀರು ಹೊಯ್ಯುವುದು ಅವನ ವಿದ್ಯೆಯ ಒಂದು ಅಂಗ; ಅವಸರಪಟ್ಟು ತಣ್ಣೀರನ್ನು ಒಮ್ಮೆಗೇ ಸುರಿದರೆ ಕಾದ ಎರಕದ ಕಬ್ಬಿಣ ಬಿರಿಯುವುದೆಂಬುದನ್ನು ಅವನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಮೋಟಾರುಗಳನ್ನು ನಾವೇ ತಯಾರಿಸಬೇಕೆಂಬ ಹಂಬಲವೂ ಈ ಸೀಮೆಗೆ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಇದಕ್ಕೋಸ್ಕರವೇ ಯೂರೋಪು ಅಮೆರಿಕಗಳನ್ನು ಸುತ್ತಿ ಯೋಜನೆಯೊಂದನ್ನು ರೂಪಿಸಿದರು. ಆದರೆ ಕಾರ್ಖಾನೆ ಮೈಸೂರಿನಲ್ಲಿ ಏಳಲಿಲ್ಲ. ಆ ಆಸೆ ಬಿಡದಿಯ ನೆಲದಲ್ಲಿ ಕೈಗೂಡಲು ಆರು ದಶಕಗಳು ಹಿಡಿದವು. ಟೊಯೋಟ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ 1997ರಲ್ಲಿ ಸ್ಥಾಪಿತವಾಗಿ, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ಗಾಡಿಯ ತಯಾರಿಕೆ ಆರಂಭವಾಯಿತು. 2.4 ಲೀಟರಿನ ಅದರ ಡೀಸೆಲ್ ಎಂಜಿನಿಗೆ ಟರ್ಬೊ ಇರಲಿಲ್ಲ. 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನಿಗೆ ಟರ್ಬೊ ಇತ್ತು. ಅದಕ್ಕೂ ಮೊದಲೇ ಟರ್ಬೊ ಲಾರಿಗಳು ಈ ರಸ್ತೆಯಲ್ಲಿ ಓಡಾಡುತ್ತಿದ್ದುವಾದರೂ, ಬಾಡಿಗೆ ಕಾರಿನ ಡ್ರೈವರುಗಳಿಗೆ ಆ ಶಬ್ದವನ್ನು ಮನೆಮಾತಾಗಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಇನ್ನೋವಾದ್ದೆಂದು ನನ್ನ ಭಾವನೆ.

ಟರ್ಬೊ ಎಂಬುದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಷಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟು ಪಡೆದ ಕಲ್ಪನೆ. ಸೈಲೆನ್ಸರಿನ ಕಡೆಗೆ ವ್ಯರ್ಥವಾಗಿ ಹರಿದುಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದು. 1920ರ ದಶಕದಲ್ಲಿ ಜರ್ಮನಿಯ ಎರಡು ಹಡಗುಗಳ ಎಂಜಿನುಗಳಿಗೆ ಇದನ್ನು ಅಳವಡಿಸಿದಾಗ ಅವುಗಳ ಬಲ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಕಾರುಗಳಿಗೆ ಅದು ಇಳಿದದ್ದು 1962ರಲ್ಲಿ, ಅಮೆರಿಕದಲ್ಲಿ.

ರಾಮನಗರದ ಗ್ಯಾರೇಜೊಂದರಲ್ಲಿ ಬಿಚ್ಚಿಟ್ಟ ಟರ್ಬೊವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗಾಳಿಯ ಕಡೆಯ ಅಲ್ಯುಮಿನಿಯಂ ಚಕ್ರ ಹೊಸದರಂತೆ ಬೆಳ್ಳಗಿತ್ತು. ಹೊಗೆಯ ಕಡೆಯ ಚಕ್ರ ಕಂದಿ, ಅದರ ಬುಡದಲ್ಲಿ ದಂಡ ನೀಲಿಗಟ್ಟಿತ್ತು. ಆಯಿಲ್ ಹರಿಯುವ ಸಣ್ಣ ರಂಧ್ರದ ಸುತ್ತ ಉಗುರಿಗೆ ಏಳದ ಕಪ್ಪು ಕಿಟ್ಟ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ದಂಡವನ್ನು ಹೊತ್ತಿರುವುದು ಬೇರಿಂಗಿನಲ್ಲಿನ ಆಯಿಲಿನ ತೆಳುಪೊರೆ. ಎಂಜಿನು ಓಡುತ್ತಿರುವ ತನಕ ಹೊಸ ಆಯಿಲು ಬರುತ್ತಲೇ ಇದ್ದು ಶಾಖವನ್ನು ಒಯ್ಯುತ್ತದೆ. ಅಪಾಯವಿರುವುದು ನಿಲ್ಲಿಸಿದ ಮೇಲೆ. ವೇಗವಾಗಿ ಬಂದು ಬಿಡದಿಯ ತಟ್ಟೆ ಇಡ್ಲಿಯ ಹೋಟೆಲಿನ ಮುಂದೆ ನಿಂತೊಡನೆ ಕೀ ತಿರುವಿದರೆ ಆಯಿಲಿನ ಹರಿವು ನಿಂತುಹೋಗುತ್ತದೆ. ಹೊಗೆಯ ಗೂಡಿನಲ್ಲಿ ಉಳಿದ ಕಾವು ದಂಡದ ಮೂಲಕ ಬೇರಿಂಗಿಗೆ ತೆವಳಿ, ಅಲ್ಲಿ ಸಿಕ್ಕಿಬಿದ್ದ ಆಯಿಲನ್ನು ಸುಟ್ಟು ಕಿಟ್ಟ ಕಟ್ಟಿಸುತ್ತದೆ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಯಿಂದಲೇ ಅದನ್ನು ಕರಗಿಸಿ ಬಣ್ಣ ಹಿಡಿಸುತ್ತಾರೆ. ಅಲ್ಲಿ ಅಂಟಿಕೊಳ್ಳುವುದು ಗುಣವಾದರೆ, ಇಲ್ಲಿ ಅಂಟಿಕೊಂಡದ್ದೇ ದಂಡದ ಮೃತ್ಯು.

ಆದಕಾರಣ ಹುಟ್ಟಿತು ಒಂದು ಪದ್ಧತಿ: ಗಾಡಿ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಎಂಜಿನನ್ನು ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುವುದು. ಕನಕಪುರದ ಕಲ್ಲಿನ ಲಾರಿಯವರಿರಲಿ ಮಾಗಡಿಯ ಟೆಂಪೋದವರಿರಲಿ, ಹಿರಿಯ ಡ್ರೈವರು ಕ್ಲೀನರ್ ಹುಡುಗನಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. 1980ರ ದಶಕದಲ್ಲಿ ಕಾರು ತಯಾರಕರು ಬೇರಿಂಗಿನ ಗೂಡಿನ ಸುತ್ತ ನೀರಿನ ಕಾಲುವೆಯನ್ನು ಕೊರೆದು, ಅದನ್ನು ಎಂಜಿನಿನ ಕೂಲೆಂಟಿಗೇ ಜೋಡಿಸತೊಡಗಿದರು. ಎಂಜಿನು ನಿಂತು ಪಂಪು ನಿಂತ ಮೇಲೂ ಕಾದ ನೀರು ತಾನಾಗಿ ಮೇಲೇರಿ ತಣ್ಣನೆಯದು ಆ ಜಾಗಕ್ಕೆ ಬರುತ್ತದೆ. ‘ಟಿ’ ಮಾದರಿಯ ಕಾರಿನ ಆ ಸರಳ ತಂತ್ರವೇ ಇಲ್ಲಿ ಮತ್ತೆ ಕೆಲಸಕ್ಕೆ ಬಂದದ್ದು. ಓಡುವಾಗಿನ ಶಾಖಕ್ಕಿಂತ ನಿಂತ ಮೇಲಿನ ಶಾಖಕ್ಕೇ ಈ ನೀರು ಮುಖ್ಯವೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ.

ಹಾಗಾದರೆ ಎಲ್ಲ ಟರ್ಬೊಗಳಿಗೂ ನೀರು ಬೇಕೆ? ಡೀಸೆಲ್ ಎಂಜಿನಿನ ಹೊಗೆ ಟರ್ಬೊವನ್ನು ಹೊಗುವಾಗ ಹೆಚ್ಚೆಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್. ಪೆಟ್ರೋಲಿನದು 950ನ್ನೂ ದಾಟುವುದುಂಟು. ಡೀಸೆಲ್ ಗಾಡಿಗೆ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಡ್ರೈವರು ಆ ನಿಮಿಷವನ್ನು ಕಾದರೆ, ನೀರಿಲ್ಲದೆಯೇ ಟರ್ಬೊ ದೀರ್ಘಕಾಲ ಬಾಳುತ್ತದೆ. ನಮ್ಮ ಲಾರಿಗಳೇ ಇದಕ್ಕೆ ಸಾಕ್ಷಿ. ಪೆಟ್ರೋಲ್ ಗಾಡಿಯ ಟರ್ಬೊಗೆ ನೀರನ್ನು ಕೈಬಿಡುವುದು ಅವಿವೇಕವೆಂದೇ ನನ್ನ ದೃಢವಾದ ಅಭಿಪ್ರಾಯ. ಇರುವ ಪೈಪನ್ನು ಸೋರುತ್ತದೆಂದು ಕತ್ತರಿಸಿ ಮುಚ್ಚುವವರನ್ನು ಕಂಡಾಗ ನಿಜವಾಗಿಯೂ ವ್ಯಥೆಯಾಗುತ್ತದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ ಎಂಜಿನುಗಳು ಹಿಂದಿಗಿಂತ ಹೆಚ್ಚು ಹೊತ್ತು ಪೂರ್ಣವೇಗದಲ್ಲಿರುತ್ತವೆ. ಊರೊಳಗೆ ಬರುವವರು ಮಾತ್ರ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಸಾಗುವಷ್ಟರಲ್ಲಿ ಟರ್ಬೊ ತಾನಾಗಿ ತಣಿಯುತ್ತದೆ. ಇತ್ತ ಬಿಡದಿಯಲ್ಲಿ, 2022ರ ಕೊನೆಯಲ್ಲಿ ಪ್ರಕಟವಾದ ಇನ್ನೋವಾ ಹೈಕ್ರಾಸ್ ಟರ್ಬೊವನ್ನೇ ಕೈಬಿಟ್ಟಿದೆ. ಅದರ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನಿಗೆ ಬಲ ಕೂಡಿಸುವುದು ವಿದ್ಯುತ್ ಮೋಟಾರು. ಡೀಸೆಲ್ ಟರ್ಬೊವುಳ್ಳ ಇನ್ನೋವಾ ಕ್ರಿಸ್ಟಾ ಅದರ ಜೊತೆಯಲ್ಲೇ ಮುಂದುವರಿದು, ಐಡ್ಲಿಂಗಿನ ಪದ್ಧತಿಯನ್ನು ಸದ್ಯಕ್ಕೆ ಜೀವಂತವಾಗಿ ಇರಿಸಿದೆ.